ಒಂಬತ್ತನೆಯ ಪ್ರಶ್ನೆ

ಮುಹರ್ರಕ್‌ನ ಮೀನು ಮಾರ್ಕೆಟ್ಟಿನ ಹಿಂದೆ
ನನ್ನ ಟೈಪಿಂಗ್ ಅಂಗಡಿ. ಎರಡು ಕುರ್ಚಿ, ಒಂದು ಪ್ರಿಂಟರ್,
ಏಸಿಯ ನೀರು ತೊಟ್ಟಿಕ್ಕಲು ಒಂದು ಪೆಯಿಂಟ್ ಡಬ್ಬಿ.
ಹದಿನೇಳು ವರ್ಷದಿಂದ ಕಂಡವರ ಕಷ್ಟವನ್ನೆಲ್ಲ
ಬಲದಿಂದ ಎಡಕ್ಕೆ ಬರೆಯುತ್ತಿದ್ದೇನೆ.
ಪುಟಕ್ಕೆ ಅರ್ಧ ದಿನಾರು.

ಬೆನೆಡಿಕ್ಟಾ ಬಾಯಿ ಬಂದದ್ದು ಅಸರ್ ಬಾಂಗಿನ ಹೊತ್ತಿಗೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರ
ಅವಳ ಬಲಗೈಯನ್ನೂ ಒಂದು ದಿಂಬಿನ ಚೀಲ ಎಂದುಕೊಂಡಿತ್ತು
ಮೂರು ವರ್ಷದ ಹಿಂದೆ.
ಆವತ್ತಿನಿಂದ ತಿಂಗಳಿಗೆ ಎಂಬತ್ತೈದು ದಿನಾರು ಭತ್ಯೆ.
ಈಗ ಭತ್ಯೆಗೆ ಮರುಪರಿಶೀಲನೆ:
ಹನ್ನೊಂದು ಪ್ರಶ್ನೆ, ಹದಿನಾಲ್ಕು ದಿನದ ಗಡುವು.
ಬಂದದ್ದು ಹದಿಮೂರನೆಯ ದಿನ.
'ಲಕೋಟೆ ಒಡೆಯಲಿಕ್ಕೇ ಹೆದರಿಕೆ ಆಯ್ತು ಮಾರಾಯ್ರೆ.'

ಒಂದು: ಗಾಯ ಈಗಲೂ ಇದೆಯೇ?
ಅವಳು ಕೈಯೆತ್ತಿ ಮೇಜಿನ ಮೇಲಿಟ್ಟಳು,
ಬಂಗುಡೆಯನ್ನು ತಕ್ಕಡಿಗೆ ಹಾಕಿದ ಹಾಗೆ.
ಇದೆ, ಎಂದು ಹೊಡೆದೆ.

ನಾಲ್ಕು: ನೇಮಕಾತಿ ಪತ್ರದ ಸಹಿಗೂ ಈಗಿನ ಸಹಿಗೂ
ತಾಳೆಯಿಲ್ಲ. ಕಾರಣ ತಿಳಿಸುವುದು.
'ಆ ಸಹಿ ಹಾಕಿದ್ದು ಈ ಕೈ' ಎಂದಳು.
'ಈ ಸಹಿ ಹಾಕಿದ್ದು, ಇಕೊಳ್ಳಿ, ಇದು.'
ಇಷ್ಟು ಸರಳವಾಗಿ ಬರೆದರೆ ಅವರಿಗೆ ಅರ್ಥವಾಗುವುದಿಲ್ಲ.
ಆರು ಸಾಲು ಮಾಡಿದೆ.

ಒಂಬತ್ತು: ಪ್ರತಿ ತಿಂಗಳ ಏಳಕ್ಕೆ ಖಾತೆಗೆ ಬಂದು
ಎಂಟಕ್ಕೆ ಹೊರಡುವ ಮೂವತ್ತು ದಿನಾರು
ಯಾರದು?

ಡಬ್ಬಿಯಲ್ಲಿ ನೀರು ಬೀಳುವುದು ಕೇಳಿಸಿತು.
'ಬಾಗಿಲು ಹಾಕ್ಬಹುದಾ?'

ಕಡಪದ ಕಡೆಯವಳಂತೆ, ಓಬುಳಮ್ಮ.
ಒಂದು ರಾತ್ರಿ ಯಾವುದೋ ಬಂಗಲೆಯ ಹಿಂಗೋಡೆ ಹಾರಿದವಳು;
ಪಾಸ್‌ಪೋರ್ಟು ಇನ್ನೂ ಆ ಮನೆಯ ಕಪಾಟಿನಲ್ಲೇ.
ಕಾಗದವಿಲ್ಲದವಳಿಗೆ ಬ್ಯಾಂಕೂ ಇಲ್ಲ.
ದರ್ಜಿಯೊಬ್ಬನಿಗೆ ಅಬಾಯದ ಅಂಚು ಹೊಲಿದು ಕೊಡುತ್ತಾಳೆ,
ಆ ಮೂವತ್ತು ದಿನಾರು ಮಗಳ ಶಾಲೆಗೆ.
'ದುಡ್ಡು ನನ್ನಲ್ಲಿ ಒಂದು ರಾತ್ರಿ ಮಲಗ್ತದೆ ಅಷ್ಟೆ.
ಬೆಳಿಗ್ಗೆ ಎದ್ದು ಹೋಗ್ತದೆ.'

ನಿಜ ಬರೆದರೆ ಭತ್ಯೆ ಉಳಿಯುತ್ತದೆ,
ಸಂಜೆಯೊಳಗೆ ಓಬುಳಮ್ಮನ ಬಾಗಿಲಿಗೆ ವ್ಯಾನು.
ಬರೆಯದಿದ್ದರೆ ಮುಚ್ಚಿಟ್ಟ ಆದಾಯ:
ಮೂರು ವರ್ಷದ ಭತ್ಯೆ ವಾಪಸು ಕಟ್ಟು.
ನಾನು ಕೀಲಿಗಳ ಮೇಲೆ ಬೆರಳಿಟ್ಟು ಕೂತೆ.
ಟೈಪಿಸ್ಟನಿಗೆ ಅಭಿಪ್ರಾಯ ಇರಬಾರದು.

'ಅಕ್ಕ ಅಂತ ಬರೀರಿ.'

ಹಾಳೆಯ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರ:
ಸುಳ್ಳು ಹೇಳಿಕೆ ಶಿಕ್ಷಾರ್ಹ.
'ಒಡಹುಟ್ಟಿದವಳಾ?' ಕೇಳಿದೆ. ಕೇಳಬಾರದಿತ್ತು.

ಅವಳು ಮಾತಾಡದೆ ಬಾಗಿಲ ಕಡೆ ತಿರುಗಿದಳು.
ಬೆನ್ನ ಮೇಲೆ ಜಡೆ.
ಎಣ್ಣೆ ಹಚ್ಚಿ, ಮೂರು ಎಳೆ ಬಿಗಿದು,
ತುದಿಗೆ ಕಪ್ಪು ದಾರ ಸುತ್ತಿದ ಜಡೆ.
ಒಂದು ಕೈಯಲ್ಲಿ ಹೆಣೆಯಲು ಬಾರದ್ದು.

ಉಖ್ತ್. ಅರಬ್ಬಿಯಲ್ಲಿ ಮೂರೇ ಅಕ್ಷರ. ಹೊಡೆದೆ.
ಎರಡು ಪುಟಕ್ಕೆ ಒಂದು ದಿನಾರು ತೆಗೆದುಕೊಂಡೆ ಕೂಡ,
ಅಂಗಡಿ ಬಾಡಿಗೆ ನನಗೆ ಯಾರೂ ಬಿಡುವುದಿಲ್ಲ.

ಇಪ್ಪತ್ತು ದಿನಕ್ಕೆ ಉತ್ತರ ಬಂತು:
ಸದರಿ ಅಕ್ಕನ ಗುರುತಿನ ಚೀಟಿಯ ನಕಲು ಲಗತ್ತಿಸುವುದು.
ಅಲ್ಲಿಯವರೆಗೆ ಭತ್ಯೆ ತಡೆಹಿಡಿಯಲಾಗಿದೆ.

ಅದೇ ಕುರ್ಚಿ. ಅದೇ ಅಸರ್. ಈ ಸಲ ಕೈ
ಸೆರಗಿನ ಒಳಗೇ ಇತ್ತು.
'ಅಕ್ಕ ಊರಿಗೆ ಹೋದಳು ಅಂತ ಬರೀರಿ.
ಇನ್ನು ಆ ದುಡ್ಡು ಬರೂದಿಲ್ಲ ಅಂತ.'
ನಿಜಕ್ಕೂ ಹೋದಳಾ ಎಂದು ನಾಲಿಗೆಯ ತುದಿಗೆ ಬಂದದ್ದನ್ನು
ಆರಿದ ಚಹಾದೊಂದಿಗೆ ನುಂಗಿದೆ.
ಹೋದಳು, ಎಂದು ಹೊಡೆದೆ.

ಅವಳು ಎದ್ದು ಬಾಗಿಲು ದಾಟುವಾಗ
ಬೀದಿಯ ಬಿಸಿಲು ಒಮ್ಮೆ ಬೆನ್ನ ಮೇಲೆ ಬಿತ್ತು.
ಕಪ್ಪು ದಾರ ಹೊಸದು.
ಎಣ್ಣೆ ಇನ್ನೂ ಹಸಿ.